ಎರಡನೇ ಬಿಗಿ

ಅವ್ವ ಸತ್ತ ಏಳನೇ ದಿನ ಕಲ್ಲು ಒಡೆಯುವ ಮಷೀನಿನ ಧಣಿ ಶ್ರೀಪಾದರಾಯರು ನಮ್ಮ ತಗಡಿನ ಮನೆಗೆ ಒಂದು ಕಾಗದ ಕಳಿಸಿದರು. ಅವ್ವನನ್ನು ಕೊಂದವನು ನಮ್ಮಪ್ಪ ಎಂದು ಅದರಲ್ಲಿತ್ತು. ಅಷ್ಟು ನೇರವಾಗಿ ಬರೆದಿರಲಿಲ್ಲ. ಓದಿದವರು ಹಾಗೆ ಬರೆಯುವುದಿಲ್ಲ. "ದೇವೀಂದ್ರಪ್ಪನಾದ ನಾನು ಮಷೀನಿನ ಪಟ್ಟಿಗಳನ್ನು ಸರಿಯಾಗಿ ಬಿಗಿ ಮಾಡದೆ ನಿರ್ಲಕ್ಷ್ಯ ತೋರಿದ್ದರಿಂದ ನನ್ನ ಹೆಂಡತಿ ಸಾಬವ್ವಳ ಸಾವು ಸಂಭವಿಸಿರುತ್ತದೆ. ಇದಕ್ಕೆ ಬೇರೆ ಯಾರೂ ಹೊಣೆಗಾರರಲ್ಲ." ಕೆಳಗೆ ಸಹಿಗೆ ಜಾಗ ಬಿಟ್ಟಿದ್ದರು. ಅಪ್ಪನಿಗೆ ಸಹಿ ಮಾಡಲು ಬರುತ್ತದೆ. ನಾನೇ ಕಲಿಸಿದ್ದೆ.

ಅಪ್ಪ ಪೆನ್ನು ಕೇಳಿದ. ನಾನು ಕೊಡಲಿಲ್ಲ.

ಯಾಕೆ ಕೊಡಲಿಲ್ಲ ಎಂದು ಹೇಳಬೇಕಾದರೆ ಮೊದಲು ಪಟ್ಟಿ ಕೂರಿಸುವುದು ಅಂದರೆ ಏನೆಂದು ಹೇಳಬೇಕು. ಖಡಿ, ಅಂದರೆ ಜಲ್ಲಿಕಲ್ಲು, ಹಾಕಿದ ರಸ್ತೆಯ ಮೇಲೆ ನೀವು ದಿನಾ ಓಡಾಡುತ್ತೀರಿ. ಖಡಿ ಹೇಗಾಗುತ್ತದೆ ಎಂದು ತಿಳಿದುಕೊಳ್ಳುವ ಜರೂರತ್ತು ನಿಮಗೆ ಬಂದಿಲ್ಲ. ಬರುವುದೂ ಬೇಡ.

ಚೌಡಾಪುರದಿಂದ ಮೂರು ಕಿಲೋಮೀಟರ್ ಒಳಗೆ, ತೊಗರಿ ಹೊಲಗಳ ನಡುವೆ ರಾಯರ ಖಡಿ ಮಷೀನಿದೆ. ಸುತ್ತಲಿನ ಹೊಲದಲ್ಲಿ ತೊಗರಿ ಹೂವು ಹಳದಿಯಾಗಿ ಕಾಣುವುದಿಲ್ಲ, ಧೂಳು ಕೂತು ಬೂದಿ ಬಣ್ಣವಾಗಿರುತ್ತದೆ. ನಾವು ನರೋಣಾದವರು. ಹದಿನೆಂಟು ವರ್ಷದ ಹಿಂದೆ ಅಪ್ಪ ಇಲ್ಲಿಗೆ ಬಂದು ಮಷೀನಿನ ಬಗಲಲ್ಲೇ ತಗಡು ಹೊದಿಸಿದ ಮನೆ ಹಾಕಿದ. ನನಗಾಗ ಆರು ವರ್ಷ. ನಾನು ಬೆಳೆದದ್ದು ಆ ಸದ್ದಿನಲ್ಲಿ.

ಮಷೀನಿನ ಒಳಗೆ ಎದೆಮಟ್ಟದ ಒಂದು ಕಬ್ಬಿಣದ ಉರುಳೆ ತಿರುಗುತ್ತದೆ. ಅದಕ್ಕೆ ರೋಟರ್ ಎನ್ನುತ್ತಾರೆ. ಅದರ ಮೈಯಲ್ಲಿ ನಾಲ್ಕು ಸಂದುಗಳು, ಒಂದೊಂದು ಸಂದಿಗೂ ಒಂದೊಂದು ಉಕ್ಕಿನ ಪಟ್ಟಿ. ಒಂದು ಪಟ್ಟಿ ಎರಡೂವರೆ ಕ್ವಿಂಟಲ್ ತೂಗುತ್ತದೆ. ಉರುಳೆ ತಿರುಗುವಾಗ ಮೇಲಿನಿಂದ ಬೀಳುವ ಕರಿಕಲ್ಲಿಗೆ ಈ ಪಟ್ಟಿಗಳು ಹೊಡೆಯುತ್ತವೆ. ಕಲ್ಲು ಒಡೆಯುತ್ತದೆ, ಪಟ್ಟಿಯೂ ಸವೆಯುತ್ತದೆ. ನಲವತ್ತು ದಿನಕ್ಕೊಮ್ಮೆ ಸವೆದದ್ದನ್ನು ತೆಗೆದು ಹೊಸದು ಕೂರಿಸಬೇಕು. ಪಟ್ಟಿಯನ್ನು ಸಂದಿಯಲ್ಲಿ ಹಿಡಿದಿಡುವುದು ಬೆಸುಗೆಯಲ್ಲ. ಎರಡು ಬೆಣೆ, ಎರಡು ಬೋಲ್ಟು, ಅಷ್ಟೇ.

ಕೂರಿಸುವವನು ಒಳಗೆ ಹೋಗಬೇಕು. ಎರಡಡಿಯ ಕಿಂಡಿ. ಮೊದಲು ತಲೆ, ಆಮೇಲೆ ಒಂದು ಭುಜ, ಆಮೇಲೆ ಉಸಿರು ಬಿಟ್ಟು ಇನ್ನೊಂದು ಭುಜ. ಒಳಗೆ ಹಗಲೆಲ್ಲ ಓಡಿದ ಕಬ್ಬಿಣದ ಕಾವು. ಮೇಲಿನಿಂದ ಸರಪಳಿಯಲ್ಲಿ ಇಳಿಬಿಟ್ಟ ಪಟ್ಟಿಯನ್ನು ಎದೆಗೆ ಒತ್ತಿಕೊಂಡು ಸಂದಿಗೆ ದಾರಿ ತೋರಿಸಬೇಕು. ಅದಕ್ಕೂ ಮೊದಲು ಸಂದಿಯಲ್ಲಿ ಒಂದು ಚಿಟಿಕೆ ಧೂಳೂ ಇರಬಾರದು. ತಂತಿ ಬ್ರಷ್ಷಿನಿಂದ ಉಜ್ಜಿ, ಬಟ್ಟೆಯಿಂದ ಒರೆಸಿ, ಕೊನೆಗೆ ಬಾಯಿಂದ ಊದಬೇಕು. ಊದಿದ ಧೂಳು ಹೊರಗೆ ಹೋಗಲು ದಾರಿಯಿಲ್ಲ. ಅದು ನಮ್ಮಪ್ಪನ ಎದೆಯಲ್ಲಿದೆ. ಕೆಮ್ಮಿದಾಗ ಕೇಳುತ್ತದೆ.

ಇನ್ನೊಂದು ಮಾತು. ಪಟ್ಟಿ ಬಿಚ್ಚಿದರೆ ರೋಟರ್ ಒಂದು ಕಡೆ ಭಾರವಾಗಿ ತಾನೇ ತಿರುಗಿಬಿಡುತ್ತದೆ. ಹಾಗೊಮ್ಮೆ ತಿರುಗಿ ಅಪ್ಪನ ಎಡಗೈಯ ಎರಡು ಬೆರಳು ಹೋದವು. ಅದನ್ನು ತಡೆದು ನಿಲ್ಲಿಸುವ ಪಿನ್ನು ರಾಯರು ತರಿಸಿಕೊಡಲಿಲ್ಲ. ಅಪ್ಪನೇ ಹಳೇ ಟ್ರ್ಯಾಕ್ಟರಿನ ಅಚ್ಚು ಕತ್ತರಿಸಿ ಒಂದು ಪಿನ್ನು ಮಾಡಿಕೊಂಡ.

ಬೆಣೆ ಬಡಿದು ಬೋಲ್ಟು ಬಿಗಿದರೆ ಮುಗಿಯಲಿಲ್ಲ. ಆಮೇಲೆ ಅರ್ಧ ತಾಸು ಕಲ್ಲು ಹಾಕದೆ ಮಷೀನನ್ನು ಖಾಲಿ ಓಡಿಸಬೇಕು. ಓಡುವಾಗ ಪಟ್ಟಿ ತನ್ನ ಜಾಗದಲ್ಲಿ ಕೂರುತ್ತದೆ, ಬೆಣೆ ಸಡಿಲಾಗುತ್ತದೆ. ಎಷ್ಟೇ ಜೋರಾಗಿ ಬಡಿದಿರಲಿ, ಸಡಿಲಾಗುತ್ತದೆ. ಆಗ ನಿಲ್ಲಿಸಿ ಮತ್ತೆ ಒಳಗೆ ಹೋಗಿ ಬಿಗಿ ಮಾಡಬೇಕು. ಅದು ಎರಡನೇ ಬಿಗಿ. "ಮೊದಲನೇ ಬಿಗಿ ನಮ್ಮ ಸಮಾಧಾನಕ್ಕ, ಎರಡನೇದು ಕಬ್ಬಿಣದ ಸಮಾಧಾನಕ್ಕ" ಎನ್ನುತ್ತಿದ್ದ ಅಪ್ಪ. ಎರಡನೇ ಬಿಗಿ ಇಲ್ಲದೆ ಅವನು ಒಂದು ದಿನವೂ ಮಷೀನಿಗೆ ಕಲ್ಲು ಬೀಳಗೊಟ್ಟವನಲ್ಲ.

ನಾನು ಪಂಚಶೀಲಾ. ಆಳಂದದಲ್ಲಿ ಐಟಿಐ ಫಿಟ್ಟರ್ ಮುಗಿಸಿದೆ. ಸರ್ಟಿಫಿಕೇಟ್ ಹಿಡಿದು ರಾಯರ ಮುಂದೆ ನಿಂತಾಗ ಅವರು ಅದನ್ನು ಮುಟ್ಟದೆ ದೂರದಿಂದಲೇ ಓದಿ, "ಹೆಣ್ಣುಹುಡುಗಿ ಎಲ್ಲ್ಯಾರ ಫಿಟ್ಟರ್ ಆಗ್ತಾಳೇನು? ಅವ್ವನ ಜೋಡಿ ಮಣ್ಣು ಆರಿಸು, ಹೋಗು" ಎಂದು ನಕ್ಕರು. ಅವ್ವನ ಕೆಲಸ ಅದೇ ಆಗಿತ್ತು. ಮಷೀನಿನ ಬಾಯಿಗೆ ಕಲ್ಲು ಬೀಳುವ ಕಡೆ ನಿಂತು, ಕಲ್ಲಿನ ಜೊತೆ ಬಂದ ಮಣ್ಣಿನ ಹೆಂಟೆ, ಬೇರು ಆರಿಸಿ ಎಸೆಯುವುದು. ಹದಿನೆಂಟು ವರ್ಷ ಆರಿಸಿದಳು. ನಾನೂ ಬಗಲಲ್ಲಿ ನಿಂತೆ.

ಆದರೆ ಪಟ್ಟಿ ಕೂರಿಸುವ ದಿನ ಅಪ್ಪ ನನ್ನನ್ನೂ ಒಳಗೆ ಕರೆದುಕೊಳ್ಳುತ್ತಿದ್ದ. ಅವನ ಬಲಗಿವಿ ಪೂರ್ತಿ ಹೋಗಿತ್ತು, ಎಡಗಿವಿ ಅರ್ಧ. ಸುತ್ತಿಗೆಯಿಂದ ತಟ್ಟಿದರೆ ಬಿಗಿಯಾದ ಪಟ್ಟಿ ಠಣ್ ಎನ್ನುತ್ತದೆ, ಸಡಿಲವಾದದ್ದು ದಡ್ ಎನ್ನುತ್ತದೆ. ಅದನ್ನು ಕೇಳಿ ಹೇಳುವವಳು ನಾನು. ನಾನಿಲ್ಲದಾಗ ಅವನು ಅಂಗೈ ಇಟ್ಟು ನೋಡುತ್ತಿದ್ದ. ಅವನ ಅಂಗೈ ನನ್ನ ಕಿವಿಗಿಂತ ಚುರುಕು. ರಾಯರಿಗೆ ಇದೆಲ್ಲ ಗೊತ್ತಿತ್ತು. ಕೆಲಸವಾಗುತ್ತಿತ್ತಲ್ಲ, ಕಣ್ಣು ಮುಚ್ಚಿಕೊಂಡಿದ್ದರು.

ಪ್ರತಿ ಸಲ ಹೊಸ ಪಟ್ಟಿ ಬುಧವಾರ ಕೂರಿಸುತ್ತಿದ್ದೆವು. ಬುಧವಾರ ಸಂಜೆಯೇ ಖಾಲಿ ಓಡಿಸಿ ಎರಡನೇ ಬಿಗಿ ಮುಗಿಸುತ್ತಿದ್ದೆವು. ಗುರುವಾರ ಬೆಳಗ್ಗೆ ರಾಯರ ತಾಯಿ ಉಮಾಬಾಯಿ ಗಾಣಗಾಪುರದ ಪ್ರಸಾದ ತೆಗೆದುಕೊಂಡು ಬಂದು ಮಷೀನಿಗೆ ಪೂಜೆ ಮಾಡುತ್ತಿದ್ದರು. ಆಮೇಲೆ ಕಲ್ಲು. ಪೂಜೆಯಾದ ಮೇಲೆ ಮೊದಲನೇ ಕಲ್ಲು ಒಡೆಯುವ ತನಕ ನಮ್ಮ ಕೈ ಮಷೀನಿಗೆ ತಾಗಬಾರದು. ಇದು ಅವರ ಪದ್ಧತಿ. ನಾವು ಬಿಗಿದ ಬೋಲ್ಟು ನಡೆಯುತ್ತದೆ, ಬಿಗಿದ ಕೈ ನಡೆಯುವುದಿಲ್ಲ. ಅದರಿಂದ ನಮ್ಮ ಮೈ ಉರಿಯುತ್ತಿತ್ತು, ಆದರೆ ಕೆಲಸಕ್ಕೆ ಅಡ್ಡಿಯಾಗುತ್ತಿರಲಿಲ್ಲ.

ಆ ಬುಧವಾರ ಮಧ್ಯಾಹ್ನ ಕರೆಂಟು ಹೋಯಿತು. ಪಟ್ಟಿ ಕೂರಿಸಿ ಮುಗಿದಿತ್ತು. ಸಂಜೆಯಾದರೂ ಕರೆಂಟು ಬರಲಿಲ್ಲ. ಖಾಲಿ ಓಡಿಸಲು ಆಗಲಿಲ್ಲ.

ಗುರುವಾರ ಬೆಳಗ್ಗೆ ಕರೆಂಟು ಬರುವುದಕ್ಕೂ ಉಮಾಬಾಯಿಯ ಕಾರು ಬರುವುದಕ್ಕೂ ಸರಿಹೋಯಿತು. ಅಪ್ಪ ತಲೆಯ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದುಕೊಂಡು ರಾಯರ ಹತ್ತಿರ ಹೋದ.

"ಧಣೇರ, ನಿನ್ನಿ ಖಾಲಿ ಓಡಿಸಿಲ್ರಿ. ಪೂಜಾ ಆದ ಮ್ಯಾಲ ಅರ್ಧ ತಾಸು ಓಡಿಸಿ ನಿಲ್ಲಿಸ್ರಿ. ಎರಡನೇ ಬಿಗಿ ಮಾಡಿ ಹೊರಗ ಬಂದುಬಿಡ್ತೇನಿ."

"ಆತು ಆತು, ಸರಿ ಅತ್ಲಾಗ" ಎಂದರು ರಾಯರು.

ಉಮಾಬಾಯಿ ಕಿಂಡಿಯ ಮುಂದೆ ನಿಂತು ಒಳಗೆ ಬಗ್ಗಿ ನೋಡಿದರು. "ಇವನ್ನ ಎಲ್ಲ ಅವರು ಮುಟ್ಯಾರ. ಮೊದಲ ಶುದ್ಧ ಆಗ್ಲಿ" ಎಂದರು. ಗೋಮೂತ್ರ, ಅರಿಶಿನದ ನೀರು ಚಿಮುಕಿಸಿದರು. ಅಪ್ಪ ಎದೆಗಪ್ಪಿಕೊಂಡು ಕೂರಿಸಿದ ಪಟ್ಟಿಗಳ ಮೇಲೆ, ನಾನು ಬಾಯಿಂದ ಊದಿದ ಸಂದುಗಳ ಮೇಲೆ. ಆಮೇಲೆ ಕುಂಕುಮ, ಹೂವು, ನಿಂಬೆಹಣ್ಣು. ಮಷೀನಿನ ಮೂರು ಕಡೆ ಒಂದು ರಂಗೋಲಿ ಗೆರೆ ಎಳೆದು, "ಇದರ ಒಳಗ ಅವರ್‍ಯಾರೂ ಬರಬಾರ್ದು" ಎಂದರು. ನಾವು ಹತ್ತು ಹೆಜ್ಜೆ ದೂರ ನಿಂತಿದ್ದೆವು, ಅವರು ನಮ್ಮ ಕಡೆ ನೋಡದೆಯೇ ಹೇಳಿದರು.

ಆಪರೇಟರ್ ಖಾದರಸಾಬ ಗುಂಡಿ ಒತ್ತಿದ. ಮಷೀನು ಖಾಲಿ ಓಡಿತು. ಅರ್ಧ ತಾಸು ಆಯಿತು. ಖಾದರಸಾಬ ರಾಯರ ಮುಖ ನೋಡಿದ, ನಿಲ್ಲಿಸಲೇ ಎಂದು. ರಾಯರು ಟಿಪ್ಪರಿನವನಿಗೆ ಕೈ ಮಾಡಿದರು, ಕಲ್ಲು ಸುರಿ ಎಂದು.

ಅಪ್ಪ ಓಡಿದ. ಗೆರೆಯ ತನಕ ಓಡಿ ನಿಂತ.

"ಧಣೇರ, ಎರಡನೇ ಬಿಗಿ!"

"ಪೂಜಾ ಆಗ್ಯಾದಲ್ಲೋ ದೇವ್ಯಾ. ಈಗ ನೀ ಹ್ಯಾಂಗ ಮುಟ್ತಿ? ಮೊದಲನೇ ಕಲ್ಲು ಬೀಳಲಿ. ಸಂಜೀಕ ಮಾಡು."

"ಸಂಜೀತನ ತಡಿಯಂಗಿಲ್ರಿ."

"ಯಾರಿಗೋ, ನಿನಗೋ ಮಷೀನಿಗೋ?"

ಟಿಪ್ಪರಿನವರು ನಕ್ಕರು. ಅಪ್ಪನಿಗೆ ಐವತ್ತೆರಡು ವರ್ಷ. ಅವನು ಕೈಯಲ್ಲಿದ್ದ ಟವೆಲ್ಲು ಹಿಂಡಿದ.

ನಾನು ರಾಯರ ಮಗ ಸುಧೀರನ ಹತ್ತಿರ ಹೋದೆ. ಅವನು ಎಂಜಿನಿಯರಿಂಗ್ ಓದಿದವನು, ಮಷೀನಿನ ಉಸ್ತುವಾರಿ ಅವನದೇ. "ಸಾಹೇಬ್ರ, ಮಷೀನಿನ ಪುಸ್ತಕದಾಗ ಬರದಾರ. ಖಾಲಿ ಓಡಿಸಿ ಮತ್ತ ಬಿಗಿ ಮಾಡಬೇಕಂತ ನೀವೇ ನನಗ ಓದಿ ತೋರಿಸೀರಿ. ಹೇಳ್ರಿ ಅವರಿಗಿ."

"ನನಗ ಗೊತ್ತದ" ಎಂದ. ಅಜ್ಜಿಯ ಕಡೆ ನೋಡಿದ. "ಒಂದೆರಡು ತಾಸು ಏನೂ ಆಗಂಗಿಲ್ಲ. ಸುಮ್ನಿರು ಈಗ."

ಅವನಿಗೆ ಗೊತ್ತಿತ್ತು. ಇದನ್ನು ನಾನು ಸಾಯುವ ತನಕ ಹೇಳುತ್ತೇನೆ. ರಾಯರಿಗೆ ಗೊತ್ತಿರಲಿಲ್ಲ ಎಂದಾದರೂ ಅನ್ನಬಹುದು. ಅವನಿಗೆ ಗೊತ್ತಿತ್ತು.

ಅಪ್ಪ ಗೆರೆಯ ಈಚೆ ಕುಕ್ಕರಗಾಲಲ್ಲಿ ಕೂತ. ಮಷೀನು ನಿಂತಿರುವ ಕಾಂಕ್ರೀಟಿನ ಕಟ್ಟೆ ಗೆರೆಗಿಂತ ಹೊರಗೂ ಚಾಚಿತ್ತು. ಅದರ ಮೇಲೆ ಮೂರು ಬೆರಳಿನ ಎಡಗೈ ಇಟ್ಟ. ಕಣ್ಣು ಮುಚ್ಚಿದ. ಸ್ವಲ್ಪ ಹೊತ್ತಿನ ಮೇಲೆ ನನ್ನ ಕಡೆ ನೋಡಿ, "ಮೂರನೇದು ಸಡಲ್ಯಾದ" ಎಂದ. ನನಗೂ ಕೇಳುತ್ತಿತ್ತು. ಪ್ರತಿ ಸುತ್ತಿಗೂ ಒಂದು ದಡ್.

ಅವನು ಎದ್ದು ಕಾಲೆತ್ತಿದ. ಗೆರೆ ದಾಟುವವನಿದ್ದ. ಅಷ್ಟರಲ್ಲಿ ಅವ್ವ ಹಿಂದಿನಿಂದ ಬಂದು ಅವನ ಅಂಗಿ ಹಿಡಿದು ಎಳೆದಳು.

"ಏನ್ರೀ, ಬ್ಯಾಡ್ರಿ. ಇಷ್ಟು ಮಂದಿ ಮುಂದ ಬೈಸ್ಕೋಬ್ಯಾಡ್ರಿ. ಅವರ ಮಷೀನು, ಅವರ ದೇವ್ರು. ನಮಗ್ಯಾಕ?"

ಅಪ್ಪ ಕಾಲು ಹಿಂದಕ್ಕಿಟ್ಟ.

ಅವ್ವ ಮೂಗಿಗೆ ಸೆರಗು ಕಟ್ಟಿಕೊಂಡು ಹಿಂದಿನ ಮೆಟ್ಟಿಲಿಂದ ತನ್ನ ಜಾಗಕ್ಕೆ ಹತ್ತಿದಳು. ಆ ಜಾಗ ಮಷೀನಿನ ಬಾಯಿಗೆ ಎದುರಿಗೆ. ಅಲ್ಲಿ ಅವರ ಗೆರೆ ಇರಲಿಲ್ಲ. ಗೆರೆ ಹಾಕಿದರೆ ಮಣ್ಣು ಆರಿಸುವವರು ಯಾರು? ನನಗೆ ಅವ್ವ, "ನೀ ಹೋಗಿ ರೊಟ್ಟಿ ಬಡದು ಬಾ, ಇವತ್ತ ನಾ ಒಬ್ಬಾಕೀ ನೋಡ್ತೇನಿ" ಎಂದಳು. ಅಪ್ಪನಿಗೆ ಬೇಸರವಾಗಿದೆ, ಬಿಸಿ ರೊಟ್ಟಿ ತಿನ್ನಲಿ ಎಂದು.

ನಾನು ನಾಲ್ಕನೇ ರೊಟ್ಟಿ ಬಡಿಯುತ್ತಿದ್ದೆ. ಗುಡ್ಡಕ್ಕೆ ಮದ್ದು ಹಾಕಿ ಸಿಡಿಸಿದಂಥ ಸದ್ದು. ಆಮೇಲೆ ಮಷೀನಿನ ಸದ್ದು ನಿಂತಿತು. ಹದಿನೆಂಟು ವರ್ಷದಲ್ಲಿ ನಾನು ಆ ನಿಶ್ಶಬ್ದಕ್ಕೆ ಹೆದರಿದ್ದು ಅದೇ ಮೊದಲು.

ಮೂರನೇ ಪಟ್ಟಿ ಸಂದಿಯಿಂದ ಜಾರಿ, ಒಳಗಿನ ಗೋಡೆಗೆ ಬಡಿದು ತುಂಡಾಗಿತ್ತು. ಮಷೀನಿನ ಬಾಯಿಗೆ ಪರದೆಯ ಹಾಗೆ ಸರಪಳಿಗಳನ್ನು ತೂಗುಬಿಟ್ಟಿರುತ್ತಾರೆ, ಸಿಡಿದದ್ದು ಹೊರಗೆ ಬರದಿರಲಿ ಎಂದು. ಅದರಲ್ಲಿ ಅರ್ಧ ಸರಪಳಿ ಹರಿದು ವರ್ಷವಾಗಿತ್ತು. ಒಂದು ತುಂಡು ಆ ದಾರಿಯಿಂದ ಹೊರಗೆ ಬಂದಿತ್ತು. ಹತ್ತು ಕಿಲೋ ಇರಬಹುದು. ಅವ್ವನ ಎದೆಯ ಬಗ್ಗೆ ನಾನು ಬರೆಯುವುದಿಲ್ಲ. ಅಪ್ಪ ಅವಳನ್ನು ಎತ್ತಿಕೊಂಡು ಕೂತಿದ್ದ. ಅವನ ಅಂಗೈ ಅವಳ ಎದೆಯ ಮೇಲಿತ್ತು. ಕಬ್ಬಿಣದ ಮೇಲೆ ಇಟ್ಟು ನೋಡುತ್ತಾನಲ್ಲ, ಹಾಗೆ ಇಟ್ಟು ನೋಡುತ್ತಿದ್ದ.

ಉಮಾಬಾಯಿಯ ಕಾರು ಆಗಲೇ ಹೋಗಿತ್ತು.

ಅವ್ವನನ್ನು ನರೋಣಾಕ್ಕೆ ಒಯ್ದು ಬಿಳಿ ಬಟ್ಟೆ ಹೊದಿಸಿ, ಬುದ್ಧವಂದನೆ ಹೇಳಿ ಮಣ್ಣು ಮಾಡಿದೆವು. ಮೂರನೇ ದಿನ ತಿರುಗಿ ತಗಡಿನ ಮನೆಗೆ ಬಂದೆವು. ನಮ್ಮ ಪಾತ್ರೆ ಪಗಡೆ ಅಲ್ಲೇ ಇದ್ದವು. ಏಳನೇ ದಿನ ಸುಧೀರ ಆ ಕಾಗದ ತಂದ. ಬಾಗಿಲ ಹೊರಗೇ ನಿಂತು, "ಅಪ್ಪಾಜಿ ಕಳಿಸ್ಯಾರ. ಸಹಿ ಮಾಡಿಬಿಟ್ರ ಠಾಣಾ, ಕೋರ್ಟು ಅಂತ ಯಾರಿಗೂ ತಕಲೀಫ್ ಇಲ್ಲ. ಬರೂ ಬುಧವಾರ ಹೊಸ ಪಟ್ಟಿ ಬರ್ತಾವ, ಕೂರಸಾಕ ಬರ್ರಿ" ಎಂದ. ಅವ್ವ ಸತ್ತು ವಾರವಾಗಿತ್ತು. ಆ ಮಾತು ಹೇಳುವಾಗ ಅವನು ನಮ್ಮ ಚಪ್ಪಲಿಗಳನ್ನು ನೋಡುತ್ತಿದ್ದ. ಅವ್ವನವೂ ಅಲ್ಲೇ ಇದ್ದವು.

ಅವನು ಹೋದ ಮೇಲೆ ಅಪ್ಪ ಪೆನ್ನು ಕೇಳಿದ್ದು.

"ಯಾಕ ಯಪ್ಪಾ? ನೀ ಬಿಗಿ ಮಾಡಿದ್ದು ನಾ ಕೇಳೇನಿ. ನಾಕೂ ಪಟ್ಟಿ ಠಣ್ ಅಂದಾವ. ನಿನ್ನ ಕೈ ತಪ್ಪಿಲ್ಲ."

"ಕೈ ತಪ್ಪಿಲ್ಲ ಬೇ" ಎಂದ. ಪೆನ್ನು ಕೇಳಿದ್ದು ಬಿಟ್ಟರೆ ವಾರದಲ್ಲಿ ಅವನು ಆಡಿದ ಮೊದಲ ಮಾತು. "ನನಗ ಗೊತ್ತಾಗಿತ್ತು. ಮೂರನೇದು ಸಡಲ್ಯಾದಂತ ಗೊತ್ತಾಗಿತ್ತು. ಗೊತ್ತಿದ್ದೂ ನಾ ಗೆರಿ ದಾಟಲಿಲ್ಲ."

"ಆ ಗೆರಿ ಹಾಕಿದವ್ರು ಯಾರು?"

"ಹಾಕಿದವ್ರು ಅವರು. ನಿಂತಾವ ನಾನು."

ನನಗೆ ಸಿಟ್ಟು ಬಂತು. ರಾಯರ ಮೇಲೆ ಬಂದಷ್ಟೇ ಅವನ ಮೇಲೂ ಬಂತು. "ಅವ್ವ ಎಳದಳು ಅಂತ ನಿಂತಿ. ಹಂಗಾರ ಅಕೀ ಹೆಸರೂ ಬರಿ ಕಾಗದದಾಗ. ಸಾಬವ್ವ ತನ್ನ ಸಾವಿಗಿ ತಾನೇ ಕಾರಣ ಅಂತ ಬರಿ. ಅವರಿಗಿ ಇನ್ನೂ ಛಲೋ ಆಗ್ತದ" ಎಂದು ಕೂಗಿದೆ. ಅವನಿಗೆ ಎಷ್ಟು ಕೇಳಿಸಿತೋ ಗೊತ್ತಿಲ್ಲ. ಗೋಡೆಗೆ ತಲೆ ಇಟ್ಟು ಅತ್ತ. ಹೆಂಡತಿ ಸತ್ತಾಗ ಅಳದವನು ಆಗ ಅತ್ತ. ನಾನೂ ಅತ್ತೆ. ಕಾಗದ ಮಡಚಿ ಬಾಬಾಸಾಹೇಬರ ಫೋಟೋದ ಹಿಂದೆ ಸಿಗಿಸಿದೆ. "ಪಟ್ಟಿ ಕೂರಿಸಿದ ಮ್ಯಾಲ ನೋಡೋಣು. ಅಲ್ಲೀತನ ಸಹಿ ಇಲ್ಲ" ಎಂದೆ.

ರಾಯರು ಅಷ್ಟರಲ್ಲಿ ಕಲಬುರಗಿಯಿಂದ ಇಬ್ಬರು ಫಿಟ್ಟರುಗಳನ್ನು ಕರೆಸಿದ್ದರಂತೆ. ಅವರು ಮಷೀನಿನ ಬಾಯಿಯ ಹತ್ತಿರ ಒಣಗಿದ ಕಲೆ ನೋಡಿ, ಚಹಾ ಸಹ ಕುಡಿಯದೆ ಹೋಗಿಬಿಟ್ಟರಂತೆ. ಕೊನೆಗೆ ನಾವೇ ಬೇಕಾಯಿತು.

ಬುಧವಾರ ನಾವು ಹೋದೆವು. ಅವ್ವ ಆರಿಸಿ ಹಾಕಿದ್ದ ಮಣ್ಣಿನ ಹೆಂಟೆಗಳ ಗುಡ್ಡೆ ಹಾಗೇ ಇತ್ತು. ಅಪ್ಪ ಅದನ್ನು ಬಳಸಿಕೊಂಡು ಮಷೀನಿನ ಹತ್ತಿರ ಹೋದ. ಆಮೇಲೆ ಪಿನ್ನು ಹಾಕಿ ಕಿಂಡಿ ಬಿಚ್ಚಿದ. ಈ ಸಲ ಮೊದಲು ನಾನು ಒಳಗೆ ಹೋದೆ. ಅವನು ಸುತ್ತಿಗೆ ನನ್ನ ಕೈಗೆ ಕೊಟ್ಟ, ಬೆಣೆ ನಾನೇ ಬಡಿದೆ. ನಾಲ್ಕೂ ಪಟ್ಟಿ ಸಂಜೆ ನಾಲ್ಕಕ್ಕೆ ಕೂತವು. ಕರೆಂಟೂ ಇತ್ತು. ಖಾದರಸಾಬನಿಗೆ, "ಕಾಕಾ, ಖಾಲಿ ಓಡಿಸು" ಎಂದೆ.

ರಾಯರು ತಡೆದರು. "ಬ್ಯಾಡ. ಹೋದ ಸಲ ಅಪಶಕುನ ಆಗ್ಯಾದ. ಪೂಜಾ ಆಗೂಕಿಂತ ಮೊದಲ ಮಷೀನು ಚಾಲೂ ಮಾಡಬಾರದಂತ ನಮ್ಮ ಅವ್ವ ಹೇಳ್ಯಾಳ."

ಒಂದು ಜೀವ ಹೋದ ಮೇಲೆ ಅವರು ಕಲಿತದ್ದು ಇದು.

ಗುರುವಾರ ಉಮಾಬಾಯಿ ಬಂದರು. ಈ ಸಲ ಒಂದಲ್ಲ, ಎರಡು ಗೆರೆ. ರಾಯರೂ ಸುಧೀರನೂ ಸ್ನಾನ ಮಾಡಿ ಮಡಿ ಉಟ್ಟು ಬಂದಿದ್ದರು. ನಿಂಬೆಹಣ್ಣು ಐದು ಇದ್ದವು. ಅವ್ವನ ಹೆಸರು ಯಾರ ಬಾಯಿಗೂ ಬರಲಿಲ್ಲ. ಆರು ಟಿಪ್ಪರುಗಳು ಕಲ್ಲು ತುಂಬಿಕೊಂಡು ಸಾಲಾಗಿ ನಿಂತಿದ್ದವು. ಪೂಜೆಯಾಯಿತು. ಖಾದರಸಾಬ ಗುಂಡಿ ಒತ್ತಿದ. ಅರ್ಧ ತಾಸು ಮಷೀನು ಖಾಲಿ ಓಡಿತು. ನಾನು ಕಿವಿಗೊಟ್ಟು ನಿಂತಿದ್ದೆ. ಇಪ್ಪತ್ತು ನಿಮಿಷಕ್ಕೆ ಶುರುವಾಯಿತು. ದಡ್. ದಡ್.

ರಾಯರು ಟಿಪ್ಪರಿಗೆ ಕೈ ಎತ್ತಿದರು. ಅದೇ ಹೊತ್ತಿಗೆ ಖಾದರಸಾಬ ಮಷೀನು ನಿಲ್ಲಿಸಿದ. ಅವನಿಗೆ ನಾನು ಏನೂ ಹೇಳಿಕೊಟ್ಟಿರಲಿಲ್ಲ. ಬೆಳಗ್ಗೆ ಒಮ್ಮೆ ನನ್ನ ಕೈಯಲ್ಲಿದ್ದ ಬೋಲ್ಟು ಬಿಗಿಯುವ ಪಾನಾ ನೋಡಿದ್ದ, ಅಷ್ಟೇ.

ರೋಟರ್ ಪೂರ್ತಿ ನಿಲ್ಲುವ ತನಕ ಕಾದೆ. ಆಮೇಲೆ ನಡೆದೆ. ಮೊದಲನೇ ಗೆರೆ ದಾಟಿದೆ. ಎರಡನೇ ಗೆರೆ ದಾಟಿದೆ. ಅಂಗಾಲಿಗೆ ರಂಗೋಲಿ ಪುಡಿ ಹತ್ತಿತು. ಪಿನ್ನು ಹಾಕಿದೆ. ಕಿಂಡಿಗೆ ನಾಲ್ಕು ಬೋಲ್ಟು. ಒಂದೊಂದಾಗಿ ಬಿಚ್ಚಿದೆ.

"ಏಯ್! ಏನ್ ಮಾಡಾಕತ್ತಿ? ಹೊರಗ ಬಾ!" ರಾಯರು ಕೂಗಿದರು. "ಮೈಲಿಗಿ ಮಾಡಿದಳಲ್ಲೋ!" ಎಂದು ಉಮಾಬಾಯಿ ಎದೆ ಬಡಿದುಕೊಂಡರು. ಕೂಗಿದರು, ಆದರೆ ಯಾರೂ ಬಂದು ನನ್ನ ಕೈ ಹಿಡಿಯಲಿಲ್ಲ. ಹಿಡಿಯಬೇಕಾದರೆ ನನ್ನನ್ನು ಮುಟ್ಟಬೇಕಿತ್ತು. ಅವರ ಮಡಿಯಿಂದ ಜೀವಮಾನದಲ್ಲಿ ನನಗಾದ ಉಪಕಾರ ಅದೊಂದೇ.

ತಲೆ ಹಾಕಿದೆ. ಒಂದು ಭುಜ. ಉಸಿರು ಬಿಟ್ಟೆ. ಇನ್ನೊಂದು ಭುಜ. ಒಳಗೆ ಕುಂಕುಮ, ಜಜ್ಜಿಹೋದ ನಿಂಬೆಹಣ್ಣಿನ ವಾಸನೆ, ಬಿಸಿ ಕಬ್ಬಿಣ.

"ಖಾದರ್! ಸ್ವಿಚ್ ಹಾಕೋ! ಸದ್ದಿಗೇ ಹೆದರಿ ಹೊರಗ ಓಡಿ ಬರ್ತಾಳ!" ರಾಯರ ದನಿ.

ನಾನು ಹೆದರಲಿಲ್ಲ ಎಂದರೆ ಸುಳ್ಳು. ಉಚ್ಚೆ ಬಂದ ಹಾಗಾಯಿತು. ಪಿನ್ನು ಅಪ್ಪ ಮಾಡಿದ್ದು, ಆದರೆ ಆ ಮೋಟರಿನ ಮುಂದೆ ಅದು ಎಷ್ಟು ಹೊತ್ತು ತಡೆಯುತ್ತದೆ ಎಂದು ಯಾರು ನೋಡಿದ್ದಾರೆ? ಎರಡೂ ಕಾಲು ರೋಟರಿಗೆ ಒತ್ತಿ ಕೂತೆ.

ಕಿಂಡಿಯಲ್ಲಿ ಒಂದು ಕೈ ಬಂತು. ಖಾದರಸಾಬನ ಕೈ. ಅದರಲ್ಲಿ ಗುಂಡಿಯ ಪ್ಯಾನಲ್ಲಿನ ಚಾವಿ ಇತ್ತು, ಅದಿಲ್ಲದೆ ಮಷೀನು ಚಾಲೂ ಆಗುವುದಿಲ್ಲ.

"ಇಟ್ಕೋ ಬೇಟಿ" ಎಂದ. "ಹೋದ ಸಲ ನಾನೇ ಒತ್ತಿದ್ದು. ಸಾಬವ್ವ ದಿನಾ ನನಗ ನೀರು ಕೊಡ್ತಿದ್ದಳು."

ಚಾವಿ ತೆಗೆದುಕೊಂಡೆ. ಆಮೇಲೆ ಕೆಲಸ ಶುರು ಮಾಡಿದೆ. ಮೊದಲನೇ ಪಟ್ಟಿ ತಟ್ಟಿದೆ. ಸ್ವಲ್ಪ ಸಡಿಲ. ಬಿಗಿದೆ. ಎರಡನೇದು, ಬಿಗಿದೆ. ಮೂರನೇದಕ್ಕೆ ಸುತ್ತಿಗೆ ಮುಟ್ಟಿಸಿದೆ. ದಡ್.

ಸುತ್ತಿಗೆಯಿಂದ ಒಳಗಿನಿಂದಲೇ ಮಷೀನಿನ ಗೋಡೆಗೆ ಮೂರು ಸಲ ಬಡಿದೆ. ಕಿವಿ ಕೇಳದ ಅಪ್ಪನನ್ನು ನಾನು ಕರೆಯುವುದು ಹಾಗೇ. ಅವನು ಗೆರೆಯ ಆಚೆ ನಿಂತಿದ್ದ. ಕಿಂಡಿಯಿಂದ ಅವನ ಕಾಲಷ್ಟೇ ಕಾಣುತ್ತಿದ್ದವು. ಒಂದು ಕಾಲು ಎದ್ದಿತು. ತಡೆಯಿತು. ಹಿಂದಿನಿಂದ 'ಬ್ಯಾಡ್ರಿ' ಎನ್ನುವವಳು ಈಗ ಇರಲಿಲ್ಲ. ಕಾಲು ಗೆರೆಯ ಮೇಲೆ ಬಿತ್ತು, ಗೆರೆ ಅಳಿಸಿತು. ಎರಡನೇ ಗೆರೆಯೂ ಅಳಿಸಿತು. ಅಪ್ಪನ ಮುಖ ಕಿಂಡಿಗೆ ಬಂತು. ಕೈ ಒಳಗೆ ಚಾಚಿ ಮೂರನೇ ಪಟ್ಟಿಯ ಮೇಲೆ ಅಂಗೈ ಇಟ್ಟ. ನಾನು ಇನ್ನೊಮ್ಮೆ ತಟ್ಟಿದೆ.

ಅವನ ಮುಖ ಏನಾಯಿತೋ ನನಗೆ ಹೇಳಲು ಬರುವುದಿಲ್ಲ. ಅವನು ಹೊರಗೆ ತಿರುಗಿ ಕೂಗಿದ.

"ಸುಧೀರ ಸಾಹೇಬ್ರ, ಇಲ್ಲಿ ಬರ್ರಿ. ನೀವು ಓದಿದವ್ರು. ಎಣಸ್ರಿ."

"ಹೋಗಬ್ಯಾಡ" ಎಂದರು ಉಮಾಬಾಯಿ. ಟಿಪ್ಪರಿನವರು ಗಾಡಿ ಇಳಿದು ಹತ್ತಿರ ಬಂದಿದ್ದರು. ಹೋದ ಸಲ ನಕ್ಕವರೇ. ಈಗ ಯಾರೂ ನಗಲಿಲ್ಲ. ಅವರಲ್ಲೊಬ್ಬ, "ಹೋಗಿ ನೋಡ್ರೆಲಾ ಸಾಹೇಬ್ರ, ನೋಡಾಕೇನದ?" ಎಂದ. ಸುಧೀರ ಬಂದ. ಮಡಿಯ ಪಂಚೆ ಎತ್ತಿಕೊಂಡು ಕಿಂಡಿಗೆ ಬಗ್ಗಿದ.

ನಾನು ಬೋಲ್ಟಿಗೆ ಪಾನಾ ಹಾಕಿ ತಿರುಗಿಸಿದೆ. ತಿರುಗಿತು. ಒಂದು ಸುತ್ತು. ಬಿಗಿಯಾದ ಬೋಲ್ಟು ಕೂದಲೆಳೆಯಷ್ಟೂ ತಿರುಗಬಾರದು. ಇನ್ನೂ ತಿರುಗಿತು. ಅರ್ಧ ಸುತ್ತಿಗೆ ನಿಂತಿತು. ಸುಧೀರನ ಹಣೆಯಿಂದ ಬೆವರು ಕಿಂಡಿಯ ಅಂಚಿಗೆ ಬಿತ್ತು.

"ಎಷ್ಟು?" ಅಪ್ಪ ಕೇಳಿದ.

"ಒಂದೂವರಿ" ಎಂದ ಸುಧೀರ, ತನಗಷ್ಟೇ ಕೇಳುವ ಹಾಗೆ.

"ನನಗ ಕಿವಿ ಕೇಳಂಗಿಲ್ರಿ. ನಿಮ್ಮ ಮಷೀನು ನನ್ನ ಕಿವಿ ತಿಂದದ. ಜೋರ ಹೇಳ್ರಿ."

"ಒಂದೂವರಿ ಸುತ್ತು!"

ಟಿಪ್ಪರಿನವರಿಗೆ ಕೇಳಿಸಿತು. ರಾಯರಿಗೂ ಕೇಳಿಸಿತು.

"ನಿನ್ನಿ ನನ್ನ ಮಗಳು ಬಡದ ಬೆಣಿ ಅದು. ನಾಕೂ ಠಣ್ ಅಂದಿದ್ದು. ಒಂದು ರಾತ್ರಿ, ಅರ್ಧ ತಾಸು, ಒಂದೂವರಿ ಸುತ್ತು. ಇದರ ಮ್ಯಾಲ ಕಲ್ಲು ಹಾಕಿದ್ರ ಏನಾಗ್ತದ?"

ಸುಧೀರ ಕಿಂಡಿಯಿಂದ ತಲೆ ಹಿಂದಕ್ಕೆ ತೆಗೆದ.

ಅಪ್ಪ ಅಂಗಿಯ ಕಿಸೆಯಿಂದ ಆ ಕಾಗದ ತೆಗೆದ. ಬಾಬಾಸಾಹೇಬರ ಫೋಟೋದ ಹಿಂದಿನಿಂದ ಅವನು ಅದನ್ನು ಯಾವಾಗ ತೆಗೆದಿದ್ದನೋ ನನಗೆ ಗೊತ್ತಿಲ್ಲ. ಸಹಿ ಮಾಡಿಯೇ ತಂದಿದ್ದಾನೆ ಅಂದುಕೊಂಡೆ. ಸಹಿಯ ಜಾಗ ಖಾಲಿ ಇತ್ತು. ಅಪ್ಪ ಕಾಗದವನ್ನು ತಿರುಗಿಸಿ ಬಿಳಿ ಮಗ್ಗುಲು ಮೇಲೆ ಮಾಡಿ ಮಷೀನಿನ ಮೈಗೆ ಒತ್ತಿ ಹಿಡಿದ.

"ಈಗ ನೀವು ಕಂಡಿದ್ದು ಬರೀರಿ. ನನ್ನ ಹೇಣ್ತಿ ಹ್ಯಾಂಗ ಸತ್ತಳು ಬರೀರಿ."

"ಸುಧೀರ, ಬಾ ಈ ಕಡಿ!" ರಾಯರು ಗದರಿ ಫೋನು ತೆಗೆದರು. "ಪೊಲೀಸ್ರನ್ನ ಕರಸ್ತೇನಿ ನಾ!"

"ಕರಸ್ರಿ ಧಣೇರ" ಎಂದ ಅಪ್ಪ. "ಅವರೂ ಒಳಗ ಬಂದು ನೋಡಲಿ."

ಅಪ್ಪ ಕಿಸೆಯಿಂದ ಪೆನ್ನೂ ತೆಗೆದು ಸುಧೀರನಿಗೆ ಕೊಟ್ಟ. ಅವನು ಬರೆದ. ಬರೆದದ್ದನ್ನು ಅಪ್ಪ ನನಗೆ ತೋರಿಸಿದ. ಒಳಗಿನ ಕತ್ತಲಲ್ಲಿ ಕಣ್ಣು ಕಿರಿದು ಮಾಡಿ ಜೋರಾಗಿ ಓದಿದೆ. "ಆ ದಿನ ಎರಡನೇ ಬಿಗಿ ಮಾಡಲು ದೇವೀಂದ್ರಪ್ಪನಿಗೆ ಅವಕಾಶ ಸಿಗಲಿಲ್ಲ."

"ಸಿಗಲಿಲ್ಲ ಅಂದ್ರೇನು?" ನಾನು ಒಳಗಿನಿಂದ ಕೇಳಿದೆ. "ಯಾರು ಕೊಡಲಿಲ್ಲ? ಹೆಸರು ಬರೀರಿ. ಮೂರು ಮಂದಿ ಇದ್ದೀರಿ."

ಸುಧೀರ ಅಪ್ಪಾಜಿಯ ಕಡೆ ನೋಡಿದ, ಅಜ್ಜಿಯ ಕಡೆ ನೋಡಿದ. ಪೆನ್ನು ಕಾಗದದ ಮೇಲೆ ನಿಂತುಬಿಟ್ಟಿತು.

ನಾನು ಪಾನಾ ಕೆಳಗಿಟ್ಟೆ. ನಾಲ್ಕನೇ ಪಟ್ಟಿ ಇನ್ನೂ ಬಿಗಿಯಾಗಿಲ್ಲ. ಚಾವಿ ನನ್ನ ಮುಷ್ಟಿಯಲ್ಲಿದೆ. ಹೊರಗೆ ಆರು ಟಿಪ್ಪರುಗಳು ನಿಂತಿವೆ. ಅಪ್ಪ ಕಿಂಡಿಯ ಮುಂದೆ ಗೆರೆ ಅಳಿಸಿದ ಜಾಗದಲ್ಲೇ ಕೂತಿದ್ದಾನೆ. ದೂರದಲ್ಲಿ ಜೀಪಿನ ಸದ್ದು ಕೇಳುತ್ತಿದೆ. ಯಾರು ಬಂದರೂ ಸರಿ, ಆ ಮೂರು ಹೆಸರು ಬರೆಯುವ ತನಕ ನಾನು ಹೊರಗೆ ಬರುವುದಿಲ್ಲ.